ಅಲ್ಪಕಾಲದ ಯಾತ್ರೆಯೂ ಅದರ ಬರವಣಿಗೆಯೂ

ಪ್ರವಾಸವರ್ಣನೆಯು ಕನ್ನಡದಲ್ಲಿ ಒಂದು ಪ್ರತ್ಯೇಕ ಸಾಹಿತ್ಯಪ್ರಕಾರವಾಗಿ ನೆಲೆನಿಂತಿರುವದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಪ್ರಕಾರದೊಳಗೆ ಈಚಿನ ವರ್ಷಗಳಲ್ಲಿ ತಲೆದೋರಿದ ಒಂದು ಉಪಶಾಖೆಯ ಗುಣದೋಷಗಳ ವಿಚಾರವು ಇನ್ನೂ ಸಾಲದು. ಅದಾವದೆಂದರೆ, ತರುಣ ದಂಪತಿಗಳು ಎಳೆಯ ಮಕ್ಕಳನ್ನು ಕರೆದುಕೊಂಡು ಯುರೋಪ ಖಂಡದಲ್ಲಿ ಮೂರು ದಿನ, ನಾಲ್ಕು ದಿನ, ಹೆಚ್ಚೆಂದರೆ ಹತ್ತು ದಿನ ಸುತ್ತಾಡಿ, ಕಂಡದ್ದನ್ನು ಬರೆದು ಮಾಸಪತ್ರಿಕೆಗಳಿಗೂ ಪುರವಣಿಗಳಿಗೂ ಕಳುಹುವ ಕಿರು ವರ್ಣನೆಗಳು. ಇವುಗಳನ್ನು ಓದಿ ಮುಗುಳ್ನಕ್ಕು ಬದಿಗಿಡುವದು ಪಂಡಿತರ ವಾಡಿಕೆಯಾಗಿದೆ. ಅದು ತಕ್ಕದ್ದಲ್ಲವೆಂದೂ, ಆ ಬರಹಗಳು ಈಗಿರುವಂತೆಯೇ ಇರುವದೂ ತಕ್ಕದ್ದಲ್ಲವೆಂದೂ ತೋರಿಸುವದೇ ಪ್ರಕೃತ ಲೇಖನದ ಉದ್ದೇಶ.

ಇಂಥ ಬರಹಗಳು ಹೆಚ್ಚಲು ಕಾರಣ ಸ್ಪಷ್ಟವಾಗಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಸುಶಿಕ್ಷಿತ ಮನೆತನಗಳಲ್ಲಿ ಮಗನೋ ಮಗಳೋ ಉದ್ಯೋಗದ ನಿಮಿತ್ತ ಜರ್ಮನಿ, ಇಂಗ್ಲಂಡ, ಹಾಲಂಡ ದೇಶಗಳಲ್ಲಿ ಸಂಸಾರ ಹೂಡಿರುವದು ಈಗ ಅಪರೂಪದ ಸಂಗತಿಯಲ್ಲ. ಅಲ್ಲಿ ಗಡಿ ದಾಟುವದೂ ಸುಲಭವಾಗಿದೆ. 1985ರಲ್ಲಿ ಲಕ್ಸೆಂಬರ್ಗ ದೇಶದ ಶೆಂಗೆನ್ ಎಂಬ ಹಳ್ಳಿಯಲ್ಲಿ ಐದು ರಾಷ್ಟ್ರಗಳು ಮಾಡಿಕೊಂಡ ಒಡಂಬಡಿಕೆಯು 1995ರಲ್ಲಿ ಆಚರಣೆಗೆ ಬಂದಿತು. 2025ರ ಆರಂಭಕ್ಕೆ ಅದರೊಳಗೆ 29 ರಾಷ್ಟ್ರಗಳು ಪೂರ್ಣವಾಗಿ ಕೂಡಿದಂತಾಯಿತು. ಇಲ್ಲಿಂದ ಹೋದವರಿಗೂ ಒಂದೇ ವೀಸಾದ ಮೇಲೆ ಪ್ರತಿ 180 ದಿನಗಳಲ್ಲಿ 90 ದಿನಗಳವರೆಗೆ ಆ ಸೀಮೆಯೆಲ್ಲ ತಿರುಗಾಡಲು ಬರುವದು. ಹೀಗಾಗಿ ಶುಕ್ರವಾರ ಸಂಜೆ ರೇಲ್ವೆ ಹತ್ತಿ, ಎರಡು ದೇಶ ನೋಡಿ, ಸೋಮವಾರ ಮುಂಜಾನೆ ಮಗುವನ್ನು ಸಾಲೆಗೆ ಬಿಡುವದು ಅಲ್ಲಿಯ ಸಂಸಾರಿಗಳಿಗೆ ಸಾಧ್ಯವಾಗಿದೆ. ನಮ್ಮಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದಷ್ಟೇ ಸಹಜವಾಗಿ ಅವರು ಪ್ಯಾರಿಸಿಗೆ ಹೋಗಿ ಬರುತ್ತಾರೆ.

ಈಗ ಈ ಬರಹಗಳ ಹಿಂದಿರುವ ಪರಂಪರೆಯನ್ನು ನೋಡೋಣ. ನಮ್ಮ ಊರ ಹೆಸರನ್ನೇ ಅಡ್ಡಹೆಸರಾಗಿ ಧರಿಸಿದ ಶ್ರೀ ವಿನಾಯಕ ಕೃಷ್ಣ ಗೋಕಾಕರು (1909–1992) 1936ರಲ್ಲಿ ವ್ಯಾಸಂಗಕ್ಕೆಂದು ಆಕ್ಸಫರ್ಡಿಗೆ ಹೋದರು. ಆ ಪ್ರಯಾಣದಿಂದ 'ಸಮುದ್ರಗೀತೆಗಳು' ಎಂಬ ಕವಿತೆಗಳೂ 'ಸಮುದ್ರದಾಚೆಯಿಂದ' ಎಂಬ ಗದ್ಯವೂ ನಮಗೆ ದೊರೆತವು. ಶ್ರೀ ಶಿವರಾಮ ಕಾರಂತರು (1902–1997) ಪ್ರೌಢವಯಸ್ಸಿನಲ್ಲಿ ಯುರೋಪವನ್ನು ಕಂಡು 'ಅಪೂರ್ವ ಪಶ್ಚಿಮ'ವನ್ನು ಬರೆದರು. ಶ್ರೀ ಮೂರ್ತಿರಾಯರು ಬರೆದ 'ಅಪರವಯಸ್ಕನ ಅಮೆರಿಕಾ ಯಾತ್ರೆ'ಯೂ, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ 'ಅಮೆರಿಕಾದಲ್ಲಿ ಗೊರೂರು' ಎಂಬದೂ ಮುಪ್ಪಿನಲ್ಲಿ ಸಮುದ್ರ ದಾಟಿದವರ ಗ್ರಂಥಗಳು. ಶ್ರೀಮತಿ ನೇಮಿಚಂದ್ರ ಅವರು ಗೆಳತಿಯೊಡನೆ ಯುರೋಪ ಸುತ್ತಿ 'ಒಂದು ಕನಸಿನ ಪಯಣ'ವನ್ನು ಬರೆದರು. ಈ ಗ್ರಂಥಗಳನ್ನು ಒತ್ತಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಹೊಳೆಯುವದು. ವಿದ್ಯಾರ್ಥಿಯ ಪ್ರವಾಸವಿದೆ, ಪ್ರೌಢ ವಿದ್ವಾಂಸನ ಪ್ರವಾಸವಿದೆ, ವಾನಪ್ರಸ್ಥದ ವಯಸ್ಸಿನವರ ಪ್ರವಾಸವಿದೆ, ಗೆಳತಿಯರ ಪ್ರವಾಸವಿದೆ. ಆದರೆ ಕಂಕುಳಲ್ಲಿ ಒಂದು ಕೂಸು, ಕೈಯಲ್ಲಿ ಇನ್ನೊಂದು ಕೂಸು, ಹೆಗಲಿಗೆ ಹಾಲಿನ ಬಾಟಲಿಯ ಚೀಲ, ಹೀಗೆ ಹೊರಟ ಗೃಹಸ್ಥನ ಪ್ರವಾಸವು ಈ ಸಾಲಿನಲ್ಲಿ ಇಲ್ಲ. ನಾಲ್ಕು ಆಶ್ರಮಗಳಿಗೆ ಆಧಾರವು ಗೃಹಸ್ಥಾಶ್ರಮವೆಂದು ಶಾಸ್ತ್ರಗಳು ಸಾರುತ್ತಿರಲು, ನಮ್ಮ ಪ್ರವಾಸಸಾಹಿತ್ಯದಲ್ಲಿ ಅದೇ ತೆರಪಾಗಿದೆ.

ನೆರೆಯ ಮರಾಠಿಯಲ್ಲಿ ಪು. ಲ. ದೇಶಪಾಂಡೆಯವರು (1919–2000) 'ಅಪೂರ್ವಾಯಿ' ಎಂಬ ಯುರೋಪ ಪ್ರವಾಸದ ಗ್ರಂಥವನ್ನು ಬರೆದಿರುವದು ನಮ್ಮ ಗಡಿಸೀಮೆಯ ದ್ವಿಭಾಷಿ ಮನೆಗಳಿಗೆ ಹೊಸದಲ್ಲ. ಅವರು ಕೆಲಕಾಲ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು. ಅದು ಪತಿಪತ್ನಿಯರ ಪ್ರವಾಸ. ದಾಂಪತ್ಯದ ವಿನೋದವು ಆ ಗ್ರಂಥಕ್ಕೆ ಎಂಥ ಕಳೆ ಕೊಟ್ಟಿದೆಯೆಂಬದನ್ನು ಓದಿದವರು ಬಲ್ಲರು. ಸಂಸಾರವು ಪ್ರವಾಸಕ್ಕೆ ಹೊರೆಯಾಗಬಹುದು, ಪ್ರವಾಸದ ಬರಹಕ್ಕೆ ಹೊರೆಯಾಗಬೇಕಿಲ್ಲವೆಂಬದಕ್ಕೆ ಅದೊಂದೇ ಪ್ರಮಾಣ ಸಾಕು.

ಹಾಗಾದರೆ ಈಗಿನ ಕಿರು ವರ್ಣನೆಗಳ ಕೊರತೆಯೇನು? ಮುಖ್ಯವಾಗಿ ಮೂರು ದೋಷಗಳನ್ನು ಎತ್ತಿ ಹೇಳಬಹುದು.

ಮೊದಲನೆಯದು ಯಾದಿಯ ದೋಷ. ಪ್ಯಾರಿಸ, ಬ್ರಸೆಲ್ಸ, ಆಮ್ಸ್ಟರ್ಡಾಮ, ಕೋಲೋನ, ಲೂಸರ್ನ, ವೆನಿಸ, ರೋಮ ಎಂದು ಏಳು ಊರುಗಳನ್ನು ಏಳು ಕಂಡಿಕೆಗಳಲ್ಲಿ ಮುಗಿಸಿ, ಪ್ರತಿಯೊಂದಕ್ಕೂ 'ಅದ್ಭುತ', 'ರಮಣೀಯ', 'ಕಣ್ಣಿಗೆ ಹಬ್ಬ' ಎಂಬ ಮೂರು ವಿಶೇಷಣಗಳನ್ನು ಸರದಿಯಂತೆ ಹಂಚುವದು. ಊರುಗಳ ಹೆಸರನ್ನು ಅದಲುಬದಲು ಮಾಡಿದರೂ ವರ್ಣನೆಗೆ ಬಾಧೆ ಬರುವದಿಲ್ಲ. ಯಾವ ವಿಶೇಷಣವು ಎಲ್ಲ ವಿಶೇಷ್ಯಗಳಿಗೂ ಸಲ್ಲುವದೋ ಅದು ಯಾವದನ್ನೂ ವಿಶೇಷಿಸುವದಿಲ್ಲವೆಂದು ವ್ಯಾಕರಣ ಕಲಿಯುವ ಹುಡುಗನೂ ಬಲ್ಲನು.

ಎರಡನೆಯದು ತೂಕದ ದೋಷ. ಕೆಲವರಿಗೆ ಅಲ್ಲಿಯದೆಲ್ಲ ಚೊಕ್ಕ, ಇಲ್ಲಿಯದೆಲ್ಲ ಕೊಳಕು. ಇನ್ನು ಕೆಲವರಿಗೆ ಅಲ್ಲಿ ಏನು ಕಂಡರೂ 'ನಮ್ಮಲ್ಲಿ ಇದಕ್ಕೂ ದೊಡ್ಡದಿದೆ'. ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಸ್ವಿಟ್ಝರ್ಲಂಡದ ಶಾಫಹೌಸನ್ ಬಳಿಯ ರೈನ ಜಲಪಾತವು ಯುರೋಪದ ಹೆಸರಾದ ನೋಟಗಳಲ್ಲೊಂದು. ಅದರ ಎತ್ತರ 23 ಮೀಟರು, ಅಗಲ ಸುಮಾರು 150 ಮೀಟರು. ನಮ್ಮ ಘಟಪ್ರಭೆ ಗೋಕಾಕದ ಬಳಿ ಧುಮುಕುವದು 52 ಮೀಟರು. ಇಷ್ಟನ್ನೇ ಹಿಡಿದು 'ನಮ್ಮದೇ ಹಿರಿದು' ಎಂದು ಬರೆದರೆ ಅದು ಸುಳ್ಳಲ್ಲ, ಆದರೆ ಅರ್ಧಸತ್ಯ. ರೈನ ನದಿಯು ವರ್ಷವಿಡೀ ಧುಮುಕುವದು. ಬೇಸಿಗೆಯಲ್ಲಿ ಆಲ್ಪ್ಸ ಪರ್ವತದ ಹಿಮ ಕರಗಿ ಅದರ ನೀರು ಇನ್ನಷ್ಟು ಹೆಚ್ಚುವದು. ನಮ್ಮದು ಮಳೆಗಾಲದಲ್ಲಿ ಕೆಂಪು ನೀರಿನ ಕುದುರೆಲಾಳವಾಗಿ ಅಬ್ಬರಿಸಿ, ಬೇಸಿಗೆಯಲ್ಲಿ ಬಂಡೆಯಾಗಿ ಉಳಿಯುವದು. ಹಿಡಕಲ್ಲಿನ ಆಣೆಕಟ್ಟೂ ಧೂಪದಾಳದ ಒಡ್ಡೂ ಮೇಲಿನಿಂದಲೇ ಆ ನೀರನ್ನು ಹೊಲಗಳಿಗೆ ತಿರುಗಿಸುವದರಿಂದ ನಮ್ಮ ಬಂಡೆಯ ಬರಡುತನದಲ್ಲಿ ನಮ್ಮ ಕಬ್ಬಿನ ಹಸುರು ಅಡಗಿದೆ. ರೈನ ಜಲಪಾತದ ನಡುವಿನ ಬಂಡೆಯವರೆಗೆ ದೋಣಿಯಲ್ಲಿ ಕರೆದೊಯ್ದು ಮೆಟ್ಟಿಲು ಹತ್ತಿಸುವ ಏರ್ಪಾಡಿದೆ. ನಮ್ಮಲ್ಲಿ ಕಮರಿಯ ಮೇಲೆ ತೂಗುಸೇತುವೆಯೂ ದಡದಲ್ಲಿ ಚಾಲುಕ್ಯರ ಕಾಲದ ಗುಡಿಗಳೂ ಇವೆ. ಎರಡನ್ನೂ ಬಲ್ಲವನು ಹೀಗೆ ತೂಗಿದರೆ ಓದುಗನಿಗೆ ಎರಡೂ ನದಿಗಳು ತಿಳಿಯುವವು. ಬರೇ ಎತ್ತರವನ್ನು ತೂಗಿದರೆ ಲೇಖಕನ ಹೆಮ್ಮೆಯೊಂದೇ ತಿಳಿಯುವದು.

ಮೂರನೆಯದು ಔಚಿತ್ಯದ ದೋಷ. ಆಮ್ಸ್ಟರ್ಡಾಮಿನಲ್ಲಿ ಆನ್ ಫ್ರಾಂಕ ಎಂಬ ಯಹೂದಿ ಬಾಲಿಕೆ 1942ರ ಜುಲೈದಿಂದ 1944ರ ಆಗಸ್ಟದವರೆಗೆ ತಂದೆತಾಯಿಗಳೊಡನೆ ಅಡಗಿದ್ದ ಮನೆಯಿದೆ. 1960ರಿಂದ ಅದು ಸಾರ್ವಜನಿಕರಿಗೆ ತೆರೆದಿದೆ. ಅಡಗುವಾಗ ಅವಳಿಗೆ ಹದಿಮೂರು ವರ್ಷ. 1945ರಲ್ಲಿ ಸೆರೆಬಿಡಾರದಲ್ಲಿ ತೀರಿಕೊಂಡಾಗ ಹದಿನೈದು. ಈ ಮನೆಯನ್ನು ನೋಡಿದ ವಾಕ್ಯಕ್ಕೆ ಪೂರ್ಣವಿರಾಮವಿಟ್ಟು, ಮರುವಾಕ್ಯದಲ್ಲಿಯೇ 'ಅಲ್ಲಿಂದ ದೋಣಿವಿಹಾರಕ್ಕೆ ಹೋಗಿ ಐಸಕ್ರೀಮ ತಿಂದೆವು' ಎಂದು ಬರೆಯುವದು ಈಗಿನ ರೂಢಿ. ದೋಣಿಗೆ ಹೋದದ್ದು ತಪ್ಪಲ್ಲ. ಮಕ್ಕಳಿದ್ದ ಮೇಲೆ ಐಸಕ್ರೀಮವೂ ಬೇಕು. ಆದರೆ ಆ ಎರಡು ವಾಕ್ಯಗಳ ನಡುವೆ ತಾಯಿಯಾದವಳು ತನ್ನ ಮಗಳಿಗೆ ಏನು ಹೇಳಿದಳು, ಏನನ್ನು ಹೇಳದೆ ಬಿಟ್ಟಳು ಎಂಬದೇ ಬರೆಯತಕ್ಕ ಮಾತು. ಔಚಿತ್ಯವೇ ಕಾವ್ಯದ ಜೀವವೆಂದು ಸಾಧಿಸಿದ ಕ್ಷೇಮೇಂದ್ರನು ಇದನ್ನು ನೋಡಿದ್ದರೆ ತನ್ನ ಗ್ರಂಥಕ್ಕೆ ಇನ್ನೊಂದು ಉದಾಹರಣೆಯನ್ನು ಸೇರಿಸುತ್ತಿದ್ದನು.

ಇಲ್ಲಿ ಒಂದು ಆಕ್ಷೇಪಣೆ ಬರುವದು: 'ಮೂರು ದಿನಗಳಲ್ಲಿ ಒಂದು ದೇಶದ ವಿಷಯವಾಗಿ ಏನು ತಿಳಿದೀತು? ಅಲ್ಪಕಾಲದ ಯಾತ್ರೆಯಿಂದ ಅಲ್ಪಬರಹವೇ ಹುಟ್ಟಬೇಕಲ್ಲದೆ ಬೇರೆ ದಾರಿಯಿಲ್ಲ' ಎಂದು. ಇದನ್ನು ನಾವು ಒಪ್ಪುವದಿಲ್ಲ. ಕಾಳಿದಾಸನ ರಘುವಂಶದ ಹದಿಮೂರನೆಯ ಸರ್ಗವನ್ನು ನೆನೆಯಿರಿ. ಶ್ರೀರಾಮನು ಪುಷ್ಪಕದಲ್ಲಿ ಕುಳಿತು ಲಂಕೆಯಿಂದ ಅಯೋಧ್ಯೆಗೆ ಮರಳುವಾಗ ಕೆಳಗಿನ ನೆಲವನ್ನು ಸೀತೆಗೆ ತೋರಿಸುತ್ತ ಹೋಗುತ್ತಾನೆ. ಸಮುದ್ರ, ಸೇತು, ಮಾಲ್ಯವಂತ, ಪಂಪೆ, ಗೋದಾವರಿ, ಪಂಚವಟಿ, ಚಿತ್ರಕೂಟ, ಗಂಗಾಯಮುನೆಯರ ಸಂಗಮ, ಸರಯೂ. ಇದು ತರುಣ ದಂಪತಿಗಳ ಅತ್ಯಲ್ಪಕಾಲದ ವಿಮಾನಯಾತ್ರೆಯೇ ಸರಿ. ಸ್ಥಳಗಳ ಸಂಖ್ಯೆಯೂ ಕಡಿಮೆಯಿಲ್ಲ. ಆದರೂ ಅದು ಯಾದಿಯಾಗಿಲ್ಲ. ಏಕೆಂದರೆ ಒಂದು ಸ್ಥಳ ಬಂದಾಗ ರಾಮನು 'ಇಲ್ಲಿಯೇ ನಿನ್ನನ್ನು ಹುಡುಕುತ್ತಿದ್ದಾಗ ನೆಲದಲ್ಲಿ ಬಿದ್ದ ನಿನ್ನ ಒಂದು ಕಾಲಂದುಗೆ ನನಗೆ ಸಿಕ್ಕಿತು' ಎಂಬರ್ಥದ ಮಾತನ್ನು ಹೇಳುತ್ತಾನೆ. ಸೀತೆಯು ನಡುದಾರಿಯಲ್ಲಿ ಕಿಟಕಿಯಿಂದ ಕೈಚಾಚಿ ಮೋಡವನ್ನು ಮುಟ್ಟುತ್ತಾಳೆ. ಸ್ಥಳದೊಡನೆ ನೋಡುವವರ ಸಂಬಂಧವು ಮೊದಲೇ ಇರುವದರಿಂದ ಕ್ಷಣಕಾಲದ ನೋಟವೂ ತುಂಬಿ ಬರುತ್ತದೆ. ಆದಕಾರಣ ಬರಹಕ್ಕೆ ಬೇಕಾದದ್ದು ದೀರ್ಘಕಾಲವಲ್ಲ, ಸಂಬಂಧ. ಅದಿಲ್ಲದವನು ಪ್ಯಾರಿಸಿನಲ್ಲಿ ಆರು ತಿಂಗಳಿದ್ದರೂ ಎಫೆಲ್ ಗೋಪುರದ ಎತ್ತರವನ್ನಷ್ಟೇ ಬರೆದಾನು.

'ರಾಮನಿಗೆ ಆ ನೆಲದೊಡನೆ ಸಂಬಂಧವಿತ್ತು. ಮೂಡಲಗಿಯ ಹುಡುಗನಿಗೆ ಇಟಲಿಯೊಡನೆ ಎಂಥ ಸಂಬಂಧ?' ಎಂದು ಕೇಳಬಹುದು. ಸಂಬಂಧವು ಹುಡುಕಿದವನಿಗೆ ಸಿಕ್ಕುವದು. 1922ರಿಂದ ಬೆಳಗಾವಿಯು ಮರಾಠಾ ಪಾಯದಳದ ತರಬೇತಿಯ ಕೇಂದ್ರವಾಗಿದೆಯಷ್ಟೆ? ಎರಡನೆಯ ಮಹಾಯುದ್ಧದಲ್ಲಿ ಆ ದಳದ ನಾಯಕ ಯಶವಂತ ಘಾಡಗೆಯವರು 1944ರ ಜುಲೈ 10ರಂದು ಇಟಲಿಯ ಟೈಬರ್ ನದಿಯ ಮೇಲ್ಕಣಿವೆಯಲ್ಲಿ ಹೋರಾಡಿ ಮಡಿದು ವಿಕ್ಟೋರಿಯಾ ಕ್ರಾಸ ಪದಕಕ್ಕೆ ಪಾತ್ರರಾದರು. ಆ ಸೀಮೆಯ ಮೊಂತೋನೆ ಎಂಬ ಊರಿನಲ್ಲಿ 2023ರಲ್ಲಿ ಅವರ ನೆನಪಿಗೆ ನೆರಳುಗಡಿಯಾರದ ಆಕಾರದ ಒಂದು ಸ್ಮಾರಕವನ್ನು ನಿಲ್ಲಿಸಿದ್ದಾರೆ. ಫ್ರಾನ್ಸದ ನವ್ ಶಪೆಲ್ ಎಂಬಲ್ಲಿ ಮೊದಲನೆಯ ಮಹಾಯುದ್ಧದಲ್ಲಿ ಸತ್ತು ಗೋರಿಯೂ ಕಾಣದೆ ಹೋದ 4,700ಕ್ಕೂ ಮಿಕ್ಕಿದ ಭಾರತೀಯರ ಹೆಸರು ಕೊರೆದ ಸ್ಮಾರಕವು 1927ರಿಂದ ನಿಂತಿದೆ. ರೋಮಿಗೂ ಪ್ಯಾರಿಸಿಗೂ ಹೋದ ನಮ್ಮವರ ವರ್ಣನೆಗಳಲ್ಲಿ ಇವುಗಳ ಹೆಸರು ದುರ್ಲಭ. ಬೆಳಗಾವಿಯ ದಂಡಿನ ರಸ್ತೆಯಲ್ಲಿ ಓಡಾಡಿ ಬೆಳೆದ ತಂದೆಯು ತನ್ನ ಮಗುವನ್ನು ಅಂಥ ಒಂದು ಕಲ್ಲಿನ ಮುಂದೆ ನಿಲ್ಲಿಸಿ, ಮನೆಗೆ ಬಂದು ಒಂದು ಪುಟ ಬರೆದರೆ, ಅದು ಏಳು ರಾಜಧಾನಿಗಳ ವರ್ಣನೆಗಿಂತ ತೂಕದ್ದಾಗದೆ ಇರದು.

ಸಂಬಂಧವನ್ನು ಕಾಲಗಣನೆಯಿಂದಲೂ ಕಟ್ಟಬಹುದು. ಕೋಲೋನದ ದೊಡ್ಡ ಇಗರ್ಜಿಯ ಅಸ್ತಿಭಾರ ಬಿದ್ದದ್ದು 1248ರಲ್ಲಿ, ಮುಗಿದದ್ದು 1880ರಲ್ಲಿ, ಅದರ ಎತ್ತರ 157 ಮೀಟರು ಎಂದು ಎಲ್ಲರೂ ಬರೆಯುತ್ತಾರೆ. ಆದರೆ ಅಸ್ತಿಭಾರ ಬಿದ್ದಾಗ ನಮ್ಮ ಸೀಮೆಯನ್ನು ದೇವಗಿರಿಯ ಸೇವುಣರು ಆಳುತ್ತಿದ್ದರೆಂದೂ, ಶಿಖರ ಮುಗಿದ ಐದು ವರ್ಷಕ್ಕೆ, ಅಂದರೆ 1885ರಲ್ಲಿ, ಗೋಕಾಕದ ಗಿರಣಿಯು ಸ್ಥಾಪನೆಯಾಯಿತೆಂದೂ, 1887ರಲ್ಲಿ ಘಟಪ್ರಭೆಯ ನೀರಿನಿಂದ ವಿದ್ಯುತ್ತು ಹುಟ್ಟಿತೆಂದೂ ಒಂದು ವಾಕ್ಯ ಸೇರಿಸಿದರೆ ಆ 632 ವರ್ಷಗಳು ಹುಕ್ಕೇರಿಯ ಓದುಗನ ಅಂಗಳದಲ್ಲಿಯೇ ಹಾದುಹೋಗುವವು.

ಈಗ ಮಕ್ಕಳ ಮಾತಿಗೆ ಬರೋಣ. ಈ ವರ್ಣನೆಗಳಲ್ಲಿ ಮಕ್ಕಳು ಬರುವದು ಎರಡೇ ಕಡೆ: ಭಾವಚಿತ್ರದಲ್ಲಿ, ಇಲ್ಲವೆ 'ಮಕ್ಕಳು ದಣಿದಿದ್ದರು' ಎಂಬ ವಾಕ್ಯದಲ್ಲಿ. ಇದು ದೊಡ್ಡ ನಷ್ಟ. ಲೂವ್ರ ಸಂಗ್ರಹಾಲಯದ ಮೋನಾ ಲೀಸಾ ಚಿತ್ರದ ಅಳತೆ 77 ಸೆಂಟಿಮೀಟರು ಉದ್ದ, 53 ಅಗಲ. ಅದರ ಮುಂದಿನ ಜನಜಂಗುಳಿಯಲ್ಲಿ ಐದು ವರ್ಷದ ಮಗುವಿಗೆ ಕಾಣುವದು ಮುಂದಿನವರ ಬೆನ್ನು. ಆ ಬೆನ್ನುಗಳ ವರ್ಣನೆಯೇ ಅಲ್ಲಿಯ ನಿಜವಾದ ವರ್ಣನೆಯೆಂದು ನಾವು ಹೇಳುವೆವು. ಇಲ್ಲವೆ ಕೋಲೋನದ ಇಗರ್ಜಿಯೊಳಗೆ ತಲೆಯೆತ್ತಿ ನೋಡಿದ ಮಗುವು, 'ಅಪ್ಪಾ, ಅಷ್ಟ ಎತ್ತರಕ್ಕ ಕಸಾ ಯಾರ ಹೊಡೀತಾರ?' ಎಂದು ಕೇಳಿತೆನ್ನಿರಿ. ತಂದೆ ನಕ್ಕು ಮುಂದೆ ನಡೆದರೆ ಅಲ್ಲಿಗೆ ಮುಗಿಯಿತು. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕಿದವನಿಗೆ, ಆ ಇಗರ್ಜಿಗೆ ತನ್ನದೇ ಆದ ಕಮ್ಮಟವಿರುವದೂ, ಕಲ್ಲುಕುಟಿಗರೂ ಗಾಜುಗೆಲಸದವರೂ ಮಾಡುಗೆಲಸದವರೂ ವರ್ಷವಿಡೀ ಅದನ್ನು ರಿಪೇರಿ ಮಾಡುತ್ತಲೇ ಇರುವದೂ ತಿಳಿಯುವದು. 1880ರಲ್ಲಿ ಮುಗಿಯಿತೆಂಬ ಮಾತೇ ಅಪೂರ್ಣವೆಂದು ಆಗ ಗೊತ್ತಾಗುವದು. ಅಲ್ಲಿಂದ ಮನಸ್ಸು ತಾನಾಗಿಯೇ ಗೋಕಾಕದ ಜಲಪಾತದ ದಡದ ಗುಡಿಗಳಿಗೂ, ಹುಕ್ಕೇರಿಯ ಆದಿಲಶಾಹೀ ಕಾಲದ ಗುಮ್ಮಟಗಳಿಗೂ ಮರಳಿ, 'ಇಲ್ಲಿ ಕಸ ಹೊಡೆಯುವವರು ಯಾರು?' ಎಂದು ಕೇಳುವದು. ಕೂಸಿನ ಬಾಯಿಂದ ಬಂದ ಆ ಒಂದು ಪ್ರಶ್ನೆಯಿಂದ ಎರಡು ದೇಶಗಳ ವಿಮರ್ಶೆಯಾಯಿತು.

ಭಾವಚಿತ್ರಗಳ ವಿಷಯದಲ್ಲಿ ಭವಭೂತಿಯು ನಮಗೆ ಗುರು. ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ ಸೀತಾರಾಮಲಕ್ಷ್ಮಣರು ತಮ್ಮ ಹಿಂದಿನ ಜೀವನದ ಚಿತ್ರಗಳನ್ನು ನೋಡುತ್ತ ನಿಲ್ಲುತ್ತಾರೆ. ಲಕ್ಷ್ಮಣನು ಮದುವೆಯ ಚಿತ್ರದಲ್ಲಿ ಎಲ್ಲರನ್ನೂ ತೋರಿಸಿ ತನ್ನ ಹೆಂಡತಿಯಾದ ಊರ್ಮಿಳೆಯನ್ನು ಸಂಕೋಚದಿಂದ ದಾಟಿಸಿಬಿಡುತ್ತಾನೆ. ಸೀತೆಯು ನಗುತ್ತ ಅವಳನ್ನೇ ಬೊಟ್ಟುಮಾಡಿ ಯಾರೆಂದು ಕೇಳುತ್ತಾಳೆ. ಶೂರ್ಪಣಖೆಯ ಚಿತ್ರ ಬಂದಾಗ ಅಂಜುತ್ತಾಳೆ. ಚಿತ್ರಗಳನ್ನು ನೋಡಿ ಮುಗಿಸಿದ ಮೇಲೆ ಆ ಕಾಡನ್ನು ಮತ್ತೊಮ್ಮೆ ಕಾಣುವ ಬಯಕೆ ಅವಳಿಗೆ ಹುಟ್ಟುತ್ತದೆ. ಆ ಬಯಕೆಯೇ ಮುಂದಿನ ಕಥೆಗೆ ದಾರಿಯಾಗುತ್ತದೆ. ಚಿತ್ರವು ಬೆಲೆಯುಳ್ಳದ್ದಾಗುವದು ನೋಡುವವರು ಹೀಗೆ ಕೇಳಿದಾಗ, ಅಂಜಿದಾಗ, ಬಯಸಿದಾಗ. ನಮ್ಮ ಲೇಖಕರು ನೂರು ಚಿತ್ರಗಳಿಂದ ಆರನ್ನು ಆರಿಸಿ ಪತ್ರಿಕೆಗೆ ಕಳುಹುವಾಗ, ಯಾವದನ್ನು ಸಂಕೋಚದಿಂದ ದಾಟಿಸಿದೆವೆಂದು ಮನೆಯವರೊಬ್ಬರನ್ನು ಕೇಳಿದರೆ ಒಳಿತು. ಮಗು ರೇಲ್ವೆ ನಿಲ್ದಾಣದಲ್ಲಿ ಅತ್ತದ್ದು, ಮಳೆಯಲ್ಲಿ ದಾರಿ ತಪ್ಪಿದ್ದು, ಅಪರಿಚಿತ ಮುದುಕಿಯೊಬ್ಬಳು ಸೀಟು ಬಿಟ್ಟುಕೊಟ್ಟದ್ದು, ಇವೇ ಊರ್ಮಿಳೆಯಂತೆ ಮರೆಯಾಗಿರುವವು.

ಕಾರಂತರೂ ದೇಶಪಾಂಡೆಯವರೂ ತಮ್ಮ ಗ್ರಂಥಗಳಿಗೆ 'ಅಪೂರ್ವ' ಎಂಬ ಮಾತನ್ನು ಆರಿಸಿಕೊಂಡದ್ದು ವಿಚಾರಣೀಯವಾಗಿದೆ. ಲೋಕದಲ್ಲಿ ಅದಕ್ಕೆ 'ಹಿಂದೆ ಕಾಣದ್ದು' ಎಂದರ್ಥ. ಮೀಮಾಂಸಕರಲ್ಲಿ ಅದಕ್ಕೆ ಇನ್ನೊಂದು ಅರ್ಥವಿದೆ. ಯಜ್ಞವು ಇಂದು ಮುಗಿದುಹೋಗುವದು, ಫಲವು ಎಷ್ಟೋ ಕಾಲದ ಮೇಲೆ ಬರುವದು. ನಡುವೆ ಕರ್ಮವನ್ನೂ ಫಲವನ್ನೂ ಜೋಡಿಸಿ ಉಳಿಯುವ ಕಾಣದ ಶಕ್ತಿಗೆ ಅವರು ಅಪೂರ್ವವೆನ್ನುತ್ತಾರೆ. ಈ ಎರಡನೆಯ ಅರ್ಥವೇ ಸಂಸಾರದ ಕಿರುಯಾತ್ರೆಗೆ ಸಲ್ಲತಕ್ಕದ್ದು. ನಾಲ್ಕು ವರ್ಷದ ಕೂಸಿಗೆ ವೆನಿಸ ಪಟ್ಟಣವು ಬೆಳೆದ ಮೇಲೆ ನೆನಪಿರಲಾರದು. ಹಾಗಿದ್ದರೂ ತಂದೆಯ ಹೆಗಲ ಮೇಲೆ ಕುಳಿತು ನೀರಿನ ಬೀದಿಗಳನ್ನು ಕಂಡದ್ದು ವ್ಯರ್ಥವೆಂದು ಯಾರು ಹೇಳಿಯಾರು? ಮರೆತದ್ದನ್ನು ಮಗುವಿಗೆ ಒಪ್ಪಿಸುವ ಸಾಧನವೇ ಬರಹ. ಅದು ಪತ್ರಿಕೆಯ ಓದುಗರಿಗಿಂತ ಮೊದಲು ಆ ಮಗುವಿಗೆ ಸಲ್ಲಬೇಕಾದ ಋಣ. ಈ ದೃಷ್ಟಿಯಿಂದ ಬರೆದವನು ವೆನಿಸಿನ ಅರಮನೆಗಳ ಸಂಖ್ಯೆಯನ್ನು ಬರೆಯಲಿಕ್ಕಿಲ್ಲ. 2024ರ ಏಪ್ರಿಲ 25ರಿಂದ ಕೆಲವು ದಿನಗಳಂದು ಒಂದೇ ಹಗಲಿಗೆ ಬಂದುಹೋಗುವವರ ಮೇಲೆ ಆ ಪಟ್ಟಣವು 5 ಯುರೋದ ಸುಂಕ ಹೇರಿತೆಂದೂ, ಹದಿನಾಲ್ಕು ವರ್ಷದೊಳಗಿನವರನ್ನು ಅದರಿಂದ ಬಿಟ್ಟಿತೆಂದೂ, ಆದಕಾರಣ 'ನಮ್ಮಲ್ಲಿ ನೀನೊಬ್ಬನೇ ಅಲ್ಲಿ ನಿಜವಾದ ಅತಿಥಿ' ಎಂದೂ ಮಗನಿಗೆ ಬರೆದಾನು.

ಈ ಋಣದಲ್ಲಿ ಭಾಷೆಯ ಪ್ರಶ್ನೆಯೂ ಅಡಗಿದೆ. ಅದೇ ಎಲ್ಲಕ್ಕಿಂತ ದೊಡ್ಡದು. ಅಲ್ಲಿ ಬೆಳೆಯುವ ಮಗುವು ಸಾಲೆಯಲ್ಲಿ ಜರ್ಮನ್ನವನ್ನೋ ಇಂಗ್ಲಿಷವನ್ನೋ ಕಲಿಯುವದು. ಕನ್ನಡವು ಅದಕ್ಕೆ ಊಟದ, ಜೋಗುಳದ, ಗದರಿಕೆಯ ಭಾಷೆಯಾಗಿ ಉಳಿಯುವದು. ತಾನು ಕಂಡ ರೈನ ನದಿಯೂ ತಾನು ಹತ್ತಿದ ಕೋಲೋನದ 533 ಮೆಟ್ಟಿಲುಗಳೂ ಕನ್ನಡದಲ್ಲಿ ಬರೆಯಲ್ಪಟ್ಟಿವೆಯೆಂದು ಅದು ಒಂದು ದಿನ ಕಂಡರೆ, ಈ ಭಾಷೆಯಲ್ಲಿ ಅಡುಗೆಮನೆಯಾಚೆಯ ಲೋಕವೂ ಇದೆಯೆಂದು ತಿಳಿದೀತು. ಇಲ್ಲಿ ಉಳಿದ ಅಜ್ಜ ಅಜ್ಜಿಯರಿಗೂ ಆ ಪುಟಗಳೇ ಮೊಮ್ಮಕ್ಕಳ ದಿನಚರಿ. ಮೊಬೈಲಿನಲ್ಲಿ ಮುಖ ಕಾಣುವದು, ಮಾತು ಕೇಳುವದು. ಆದರೆ ಕರೆ ಮುಗಿದೊಡನೆ ಅದೆಲ್ಲ ಆರಿಹೋಗುವದು. ಮಧ್ಯಾಹ್ನದ ಊಟವಾದ ಮೇಲೆ ಕನ್ನಡಕ ಹಾಕಿಕೊಂಡು ಮತ್ತೆ ಮತ್ತೆ ಓದಲು ಬರುವದು ಬರೆದದ್ದೊಂದೇ. ಅವರಿಗೆ ಲೂಸರ್ನಿನ ರಮಣೀಯತೆ ಬೇಕಾಗಿಲ್ಲ. ಅಲ್ಲಿ ಮೊಮ್ಮಗಳು ಏನು ತಿಂದಳು, ಯಾವದಕ್ಕೆ ಹೆದರಿದಳು, ಏನೆಂದು ಕೇಳಿದಳು ಎಂಬದು ಬೇಕು. ಈ ಬಯಕೆಯು ಸಾಹಿತ್ಯದ ಬಯಕೆಯೇ ಆಗಿದೆ. ಇದನ್ನು ಕೀಳೆಂದು ತಿಳಿಯುವ ಪಾಂಡಿತ್ಯವು ತನ್ನ ಓದುಗರನ್ನು ಕಳೆದುಕೊಳ್ಳುವದು.

ಇದೆಲ್ಲದರ ಜೊತೆಗೆ ಇನ್ನೊಂದು ಕರ್ತವ್ಯವು ನಮ್ಮ ಪಾಲಿಗಿದೆ. ರಜೆಗೆ ಊರಿಗೆ ಬಂದ ಮಗುವನ್ನು ಗೊಡಚಿನಮಲ್ಕಿಯ ಜಲಪಾತಕ್ಕೂ, ಹಿಡಕಲ್ಲಿನ ಹಿನ್ನೀರು ಇಳಿದಾಗ ಮೇಲೆ ತೋರುವ ಹುನ್ನೂರ ವಿಠ್ಠಲನ ಗುಡಿಗೂ, ಗೋಕಾಕದ ಆಟಿಗೆಗಳನ್ನು ಮಾಡುವವರ ಮನೆಗೂ ಕರೆದೊಯ್ಯದಿದ್ದರೆ, ಮುಂದೆ ಅದು ತೂಗಿ ನೋಡಲು ತಕ್ಕಡಿಯ ಒಂದೇ ತಟ್ಟೆಯನ್ನು ಹಿಡಿದುಕೊಂಡಿರುವದು. ಯುರೋಪದ ಮೂರು ದಿನಗಳನ್ನು ಬರೆದಂತೆಯೇ ಗೋಕಾಕದ ಮೂರು ದಿನಗಳನ್ನೂ ಆ ಮಗುವಿನ ಕಣ್ಣಿನಿಂದಲೇ ಬರೆಯಬೇಕು. ಆಗ ಹೆಮ್ಮೆಯೂ ಹೀಗಳಿಕೆಯೂ ತಾವಾಗಿಯೇ ದೂರವಾಗುವವು.

ಆದಕಾರಣ ಪರದೇಶದಲ್ಲಿರುವ ನಮ್ಮ ತರುಣ ಲೇಖಕ ಲೇಖಕಿಯರಲ್ಲಿ ನಮ್ಮ ಅರಿಕೆಯಿಷ್ಟು. ಏಳು ಊರುಗಳನ್ನು ನೋಡಿರಿ, ಒಂದನ್ನೇ ಬರೆಯಿರಿ. ಅಂಕಿಗಳನ್ನು ಕೊಟ್ಟರೆ ನಮ್ಮ ಅಂಗಳದ ಅಂಕಿಯೊಂದನ್ನು ಪಕ್ಕಕ್ಕಿಡಿರಿ. ಮಗು ಕೇಳಿದ ಪ್ರಶ್ನೆಯನ್ನು ಅದರದೇ ಮಾತಿನಲ್ಲಿ, ನಮ್ಮ ಸೀಮೆಯ ಕನ್ನಡದಲ್ಲಿಯೇ ಬರೆದಿಡಿರಿ; ಅದನ್ನು ಪುಸ್ತಕದ ಭಾಷೆಗೆ ತಿದ್ದುವ ಗೊಡವೆ ಬೇಡ. ಅಂಥ ಎರಡು ಪುಟಗಳು ಬಂದರೆ ಜಿಲ್ಲೆಯ ಈ ಮಾಸಪತ್ರಿಕೆಯು ಸಂತೋಷದಿಂದ ಅವುಗಳಿಗೆ ಸ್ಥಳ ಕೊಡುವದೆಂದು ನಂಬಿದ್ದೇವೆ. ಉಳಿದದ್ದನ್ನು ಸಹೃದಯರಾದ ವಾಚಕರು ವಿಚಾರಿಸಿಕೊಳ್ಳಬೇಕು.